ಪುಸ್ತಕ ಮುಚ್ಚಿ ಹೇಳು

“ರಾತ್ರಿ ಎರಡರ ತನಕ ಓದ್ತೀನ್ರಿ ಸರ್, ಇಂಟರ್ನಲ್‌ನಾಗ ಪೇಪರ್ ನೋಡಿದ್ರ ಎಲ್ಲಾ ಮರ್ತು ಹೋಗ್ತದ.” ಅನಾಟಮಿ ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಬಂದ ಮೇಲೆ, ರಜೆಗೆ ಊರಿಗೆ ಬರುವ ಮೊದಲ ವರ್ಷದ ಎಂಬಿಬಿಎಸ್ ಹುಡುಗರಿಂದ ಕೇಳುವುದು ಇದೇ ಮಾತು. 2022ರಲ್ಲಿ ಯಾದಗಿರಿಯಲ್ಲೇ 150 ಸೀಟಿನ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾದ ನಂತರ ನನ್ನ ಪಡಸಾಲೆಯೂ ತುಂಬತೊಡಗಿತು.

ಅವರ ಚೌರಾಸಿಯಾ ಅನಾಟಮಿ ಪುಸ್ತಕ ತೆರೆದರೆ ಪುಟವೆಲ್ಲ ಹಳದಿ ಗೆರೆ. ಪುಸ್ತಕ ಮುಚ್ಚಿಸಿ, ತೋಳಿನ ನರಜಾಲ ಬರೆಯಲು ಖಾಲಿ ಹಾಳೆ ಕೊಡುತ್ತೇನೆ. ಅರ್ಧಕ್ಕೇ ಪೆನ್ನು ನಿಲ್ಲುತ್ತದೆ. ಎಲ್ಲಿ ನಿಂತಿತೋ ಅಷ್ಟನ್ನೇ ಓದಿ ಮತ್ತೆ ಬರೆಯಬೇಕು. ಮೊದಮೊದಲು ಇದು ಅವರಿಗೆ ಹಿಂಸೆ. ಸುಮ್ಮನೆ ಓದುವುದೇ ಹಿತ. ಆ ಹಿತವೇ ಮೋಸ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ನಾಲ್ಕು ಸುತ್ತು ಓದಿತು, ಇನ್ನೊಂದು ಒಂದೇ ಸುತ್ತು ಓದಿ ಮೂರು ಸುತ್ತು ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ವಾರ ಕಳೆದಾಗ ಅವರಿಗೆ ಉಳಿದದ್ದು ಶೇ 40, ಬರೆದವರಿಗೆ ಶೇ 61.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲು ಕನ್ನಡದಲ್ಲೇ ಹೇಳಿಸುತ್ತೇನೆ. ವಿಷಯ ತಿಳಿಯಿತೆಂದು ಖಾತ್ರಿಯಾದ ಮೇಲೆ ಇಂಗ್ಲಿಷಿನಲ್ಲಿ ಬರೆಸುವುದು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಬಾಯಿ ಕಟ್ಟುವುದು ಅಲ್ಲಿಗೆ ಅರ್ಧ ಕಡಿಮೆಯಾಗುತ್ತದೆ. ಪಾಠಕ್ಕೆ ಉದಾಹರಣೆ ಹುಡುಕಲೂ ದೂರ ಹೋಗಬೇಕಿಲ್ಲ. ಯಾದಗಿರಿ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಂದು ಕಲೆಯ ಹಲ್ಲು ನೋಡುತ್ತಲೇ ಬೆಳೆದ ಹುಡುಗಿಯೊಬ್ಬಳಿಗೆ ಬಯೋಕೆಮಿಸ್ಟ್ರಿಯ ಫ್ಲೋರೈಡ್ ಪಾಠ ಒಂದೇ ಸಲಕ್ಕೆ ಹತ್ತಿತು. ಬೈಕಿನಿಂದ ಬಿದ್ದು ತೋಳಿನ ಮೂಳೆ ಮುರಿದುಕೊಂಡವನ ಮಣಿಕಟ್ಟು ಯಾಕೆ ಜೋತುಬಿತ್ತು ಎಂದು ಕೇಳಿದರೆ ರೇಡಿಯಲ್ ನರದ ದಾರಿ ತಾನಾಗಿ ನೆನಪಿಗೆ ಬರುತ್ತದೆ. 2019ರ ಎಂಬಿಬಿಎಸ್ ಪಠ್ಯಕ್ರಮ ಮೊದಲ ವರ್ಷದಲ್ಲೇ ರೋಗಿಗಳ ಪರಿಚಯ ಮಾಡಿಸಿ ಎಂದದ್ದೂ ಇದಕ್ಕೇ.

ನನಗೆ ಒಪ್ಪಿಗೆಯಾಗದ್ದು, ಕಡಿಮೆ ಅಂಕದವರನ್ನೇ ಆರಿಸಿ ಬೇರೆ ಕೂಡಿಸುವ ಪದ್ಧತಿ. ಹುಡುಗರು ಅದನ್ನು ‘ದಡ್ಡರ ಬ್ಯಾಚ್’ ಅನ್ನುತ್ತಾರೆ. ಅಲ್ಲಿ ಕೂತವನು ಪ್ರಶ್ನೆ ಕೇಳುವುದನ್ನೇ ಬಿಡುತ್ತಾನೆ. ನನ್ನ ಪಡಸಾಲೆಯಲ್ಲಿ ಎಲ್ಲರೂ ಬೆರೆತೇ ಕೂರುತ್ತಾರೆ. ಎರಡನೇ ವರ್ಷಕ್ಕೆ ಹೋದ ಸುರಪುರದ ಇಬ್ಬರು ಈಗ ಹೊಸಬರಿಗೆ ಹೇಳಿಕೊಡುತ್ತಾರೆ. ಹೊಸಬರು ಎಲ್ಲಿ ಎಡವುತ್ತಾರೆಂಬುದು ಆ ಇಬ್ಬರಿಗೆ ನನಗಿಂತ ಚೆನ್ನಾಗಿ ಗೊತ್ತು. ತಪ್ಪು ಹೇಳಿದಾಗ ಮಾತ್ರ ನಾನು ನಡುವೆ ಬಾಯಿ ಹಾಕುತ್ತೇನೆ.