ಕೇಳಿದ್ದು ಯಾವುದು, ಅನಿಸಿದ್ದು ಯಾವುದು? – ಧ್ವನಿಮುದ್ರಿಕೆಗಳ ಆಲಿಕೆಯಿಂದ ಒಂಬತ್ತನೇ ತರಗತಿಯ 'ಶಬ್ದ' ಪಾಠಕ್ಕೆ

ಶಾಸ್ತ್ರೀಯ ಸಂಗೀತದ ಒಂದು ಧ್ವನಿಮುದ್ರಿಕೆ ಕೇಳಿ ಮುಗಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಬಾಯಿಂದ ಬರುವ ಮಾತು 'ತುಂಬಾ ಚೆನ್ನಾಗಿದೆ' ಎಂಬುದು. ಆ ಮಾತು ಸುಳ್ಳಲ್ಲ. ಆದರೆ ಪಕ್ಕದಲ್ಲಿ ಕುಳಿತವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಯಾವುದು ಚೆನ್ನಾಗಿದೆ, ಎಲ್ಲಿ ಚೆನ್ನಾಗಿದೆ ಎಂದು ತೋರಿಸದ ಹೊರತು ಕೇಳುಗರಿಬ್ಬರ ನಡುವೆ ಮಾತು ಬೆಳೆಯುವುದಿಲ್ಲ. ಇನ್ನೊಂದು ಬಗೆಯ ಮಾತೂ ಇದೆ. ಸಂಗೀತ ಕಲಿತವರೊಬ್ಬರು ರಾಗದ ಹೆಸರು, ಘರಾಣೆಯ ಹೆಸರು ಹೇಳಿಬಿಡುತ್ತಾರೆ. ಅದು ಸರಿಯಾಗಿಯೇ ಇರುತ್ತದೆ. ಆದರೆ ಹೆಸರು ಬಿದ್ದ ಕ್ಷಣದಿಂದ ಕಲಿಯದವರು ಬಾಯಿ ಮುಚ್ಚುತ್ತಾರೆ. ತಾವು ಕೇಳಿದ್ದನ್ನು ಹೇಳುವ ಹಕ್ಕು ತಮಗಿಲ್ಲವೆಂದು ಅವರಿಗೆ ಅನಿಸುತ್ತದೆ.

ವಿಜ್ಞಾನ ತರಗತಿಯಲ್ಲಿಯೂ ಇವೆರಡೂ ನಡೆಯುತ್ತವೆ. ಪ್ರಯೋಗ ನೋಡಿದ ಮಕ್ಕಳಲ್ಲಿ ಕೆಲವರು 'ಚೆನ್ನಾಗಿತ್ತು' ಎನ್ನುತ್ತಾರೆ, ಒಂದಿಬ್ಬರು ಪುಸ್ತಕದ ಪದ ಹೇಳುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ಧ್ವನಿಮುದ್ರಿಕೆ ಕೇಳಿ ಅನಿಸಿಕೆ ಹಂಚಿಕೊಳ್ಳುವುದಕ್ಕೆ ಒಂದು ಕ್ರಮವಿದ್ದರೆ, ಅದೇ ಕ್ರಮ ವಿಜ್ಞಾನದ ಅವಲೋಕನವನ್ನೂ ಕಲಿಸಬಲ್ಲದು ಎಂಬುದನ್ನು ನನ್ನ ಬೋಧನಾಭ್ಯಾಸದ ಒಂದು ಪಾಠದ ಮೂಲಕ ಇಲ್ಲಿ ವಿವರಿಸುತ್ತೇನೆ.

ನಮ್ಮ ಆಲಿಕೆಯ ಕೂಟ

ವಸತಿನಿಲಯದಲ್ಲಿ ನಾವು ಐವರು ಪ್ರಶಿಕ್ಷಣಾರ್ಥಿಗಳು ಪ್ರತಿ ಗುರುವಾರ ರಾತ್ರಿ ಊಟದ ನಂತರ ಒಂದು ಧ್ವನಿಮುದ್ರಿಕೆ ಕೇಳುತ್ತೇವೆ. ಒಬ್ಬಳು ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಪರೀಕ್ಷೆ ಮುಗಿಸಿದವಳು. ಕರಾವಳಿಯ ಗೆಳತಿಗೆ ಯಕ್ಷಗಾನದ ಭಾಗವತಿಕೆ ಗೊತ್ತು. ಉಳಿದ ಮೂವರಿಗೆ, ನನ್ನನ್ನೂ ಸೇರಿಸಿ, ಕೇಳುವ ಆಸೆಯ ಹೊರತು ಬೇರೆ ಬಂಡವಾಳವಿಲ್ಲ. ಹೀಗಾಗಿ ನಾವು ಮೂರು ನಿಯಮ ಮಾಡಿಕೊಂಡೆವು.

1. ಮೊದಲ ಸಲ ಸುಮ್ಮನೆ ಕೇಳುವುದು. ಎರಡನೇ ಸಲ ಬರೆಯುವುದು. ಮೂರನೇ ಸಲ, ಬರೆದ ಜಾಗಕ್ಕೆ ಹೋಗಿ ಎಲ್ಲರಿಗೂ ಕೇಳಿಸುವುದು.
2. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕುವುದು: ಸಮಯ (ನಿಮಿಷ–ಸೆಕೆಂಡು), ಕೇಳಿದ್ದು, ಅನಿಸಿದ್ದು, ಪ್ರಶ್ನೆ.
3. ಕಲಾವಿದರ ಹೆಸರು, ರಾಗದ ಹೆಸರು, ಅವರಿಗೆ ಬಂದ ಪ್ರಶಸ್ತಿ – ಇವೆಲ್ಲ ಕೊನೆಗೆ.

ಮೂರನೇ ನಿಯಮವನ್ನು ಸೂಚಿಸಿದವಳು ಸಂಗೀತ ಕಲಿತ ಗೆಳತಿಯೇ. ಹೆಸರು ಗೊತ್ತಾದರೆ ತನ್ನ ಕಿವಿಯೂ ಅರ್ಧ ಮುಚ್ಚಿಹೋಗುತ್ತದೆ ಎಂದಳು. ನಿಯಮ ಬಂದ ಮೇಲೆ ಮಾತಿನ ಸ್ವರೂಪವೇ ಬೇರೆಯಾಯಿತು. 'ಧ್ವನಿಯಲ್ಲಿ ಗಾಂಭೀರ್ಯವಿದೆ' ಎಂದು ಒಬ್ಬರು ಹೇಳಿದರೆ 'ಎಲ್ಲಿ?' ಎಂದು ಇನ್ನೊಬ್ಬರು ಕೇಳುತ್ತಾರೆ. ಆಗ ಆ ಜಾಗವನ್ನು ಮತ್ತೆ ಹಾಕಬೇಕು. 'ಇಲ್ಲಿ ನೋಡಿ, ಕೆಳಗಿನ ಸ್ವರಕ್ಕೆ ಇಳಿದು ಅಲ್ಲೇ ನಿಂತರು, ತಂಬೂರಿಯ ನಾದದೊಳಗೆ ಧ್ವನಿ ಸೇರಿಹೋಯಿತು' ಎಂದಾಗ ಒಪ್ಪಲು ಅಥವಾ ಒಪ್ಪದಿರಲು ಉಳಿದವರಿಗೆ ಒಂದು ಆಧಾರ ಸಿಗುತ್ತದೆ. ರಸಿಕತೆ ಕಡಿಮೆಯಾಗಲಿಲ್ಲ, ಹಂಚಿಕೊಳ್ಳುವಂತಾಯಿತು.

ಇನ್ನೊಂದು ಉಪಯೋಗವೂ ಆಯಿತು. ಒಂದೇ ಮುದ್ರಿಕೆಯ ಬಗ್ಗೆ ಇಬ್ಬರ ಟಿಪ್ಪಣಿ ತೀರಾ ಬೇರೆಯಾಗಿದ್ದಾಗ ಕಾರಣ ಹುಡುಕಿದೆವು. ಒಬ್ಬರು ಇಯರ್‌ಫೋನಿನಲ್ಲಿ ಕೇಳಿದ್ದರು, ಇನ್ನೊಬ್ಬರು ಮೊಬೈಲಿನ ಸ್ಪೀಕರಿನಲ್ಲಿ. ಮೊಬೈಲಿನ ಸಣ್ಣ ಸ್ಪೀಕರು ಕಡಿಮೆ ಆವೃತ್ತಿಯ ಶಬ್ದವನ್ನು ಸರಿಯಾಗಿ ಹೊರಡಿಸುವುದಿಲ್ಲ. ತಂಬೂರಿಯ ಮಂದ್ರದ ತಂತಿ ಅದರಲ್ಲಿ ಕ್ಷೀಣವಾಗುತ್ತದೆ. ಅಂದಿನಿಂದ ಯಾವ ಸಾಧನದಲ್ಲಿ ಕೇಳಿದೆವು ಎಂಬುದನ್ನೂ ಬರೆದಿಡುತ್ತೇವೆ.

ಮುದ್ರಿಕೆಗಳ ಆಯ್ಕೆ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಹುಬ್ಬಳ್ಳಿ–ಧಾರವಾಡ ಭಾಗದ ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿ. ಘಟಕ 'ಶಬ್ದ'. ಉಪಘಟಕ: ಸ್ಥಾಯಿ, ಗಟ್ಟಿತನ ಮತ್ತು ನಾದಗುಣ. ಶ್ರುತಿಕವೆಯಿಂದ ಆರಂಭಿಸುವುದು ವಾಡಿಕೆ. ನಾನು ಗಂಗೂಬಾಯಿ ಹಾನಗಲ್ ಅವರ ಎರಡು ಧ್ವನಿಮುದ್ರಿಕೆಗಳಿಂದ ಆರಂಭಿಸಿದೆ.

ಗಂಗೂಬಾಯಿಯವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಹಿಂದುಸ್ತಾನಿ ಸಂಗೀತ ಕಲಿತರು. 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಅವರ ಗ್ರಾಮಫೋನ್ ತಟ್ಟೆಗಳು ಬಂದವು. ಅವುಗಳಲ್ಲಿರುವುದು ತೆಳುವಾದ, ಎತ್ತರದ ಸ್ಥಾಯಿಯ ಧ್ವನಿ. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಬಳಿಕ ಧ್ವನಿ ಕೆಳಗಿಳಿದು ಗಡುಸಾಯಿತು. ನಾಡು ಇಂದು ನೆನೆಯುವುದು ಆ ಎರಡನೆಯ ಧ್ವನಿಯನ್ನೇ. 78 ಸುತ್ತಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರೂವರೆ ನಿಮಿಷ. 40 ನಿಮಿಷದ ಅವಧಿಗೆ ಇದು ಅನುಕೂಲವೇ.

ಪಾಠದ ಹಂತಗಳು

ಅವಧಿಯನ್ನು ಹೀಗೆ ಹಂಚಿದೆ: ಆಲಿಕೆ ಮತ್ತು ಬರವಣಿಗೆ 12 ನಿಮಿಷ, ಟಿಪ್ಪಣಿಗಳ ವಿಂಗಡಣೆ 10 ನಿಮಿಷ, ಹಾರ್ಮೋನಿಯಂ ಮತ್ತು ಶ್ರುತಿಕವೆಯೊಂದಿಗೆ ಪರಿಶೋಧನೆ 10 ನಿಮಿಷ, ವಿವರಣೆ 5 ನಿಮಿಷ, ಮರು ಆಲಿಕೆ 3 ನಿಮಿಷ. ಕಾಲೇಜಿನಿಂದ ತಂದ ದೊಡ್ಡ ಸ್ಪೀಕರು, ಶಾಲೆಯ ಪ್ರಾರ್ಥನೆಗೆ ಬಳಸುವ ಹಾರ್ಮೋನಿಯಂ, 256 ಮತ್ತು 512 ಹರ್ಟ್ಸ್‌ನ ಶ್ರುತಿಕವೆಗಳು – ಬೇಕಾದದ್ದು ಇಷ್ಟೇ.

ಹೆಸರು ಹೇಳದೆ ಎರಡು ತುಣುಕುಗಳನ್ನು ಕೇಳಿಸಿದೆ, 'ಅ' ಮತ್ತು 'ಆ'. ಮಕ್ಕಳು ನಾಲ್ಕು ಕಾಲಂನಲ್ಲಿ ಬರೆದರು. 'ಅ' ತುಣುಕಿಗೆ 'ಸಣ್ಣ ಹುಡುಗಿ', 'ಆ' ತುಣುಕಿಗೆ 'ಗಂಡಸರು', 'ಮುದುಕಪ್ಪ' ಎಂದು ಹೆಚ್ಚಿನವರು 'ಕೇಳಿದ್ದು' ಕಾಲಂನಲ್ಲಿಯೇ ಬರೆದಿದ್ದರು. ಪಾಠದ ತಿರುಳು ಇಲ್ಲಿತ್ತು.

"ಗಂಡಸರು ಅನ್ನೋದು ಕಿವಿಗೆ ಕೇಳಿತಾ?" ಎಂದು ಕೇಳಿದೆ.

"ಧ್ವನಿ ದಪ್ಪ ಐತ್ರೀ ಟೀಚರ್, ಅದಕ್ಕ ಗಂಡಸರು ಅಂತ ಬರದ್ವಿ."

"ಹಾಗಾದರೆ ಕಿವಿಗೆ ಬಿದ್ದದ್ದು ಏನು?"

"ದಪ್ಪ ಧ್ವನಿರೀ."

'ಗಂಡಸರು' ಎಂಬ ಪದ ಹೀಗೆ ಮಕ್ಕಳ ಕೈಯಿಂದಲೇ ಎರಡನೇ ಕಾಲಂನಿಂದ ಮೂರನೆಯದಕ್ಕೆ ಹೋಯಿತು. ಆದರೆ 'ದಪ್ಪ' ಎಂಬ ಪದವೂ ಸರಳವಲ್ಲ. ಕೆಲವರಿಗೆ ಅದು ಜೋರು, ಕೆಲವರಿಗೆ ಕೆಳಗಿನ ಸ್ಥಾಯಿ. ಪರೀಕ್ಷಿಸೋಣ ಎಂದು ಒಬ್ಬಳನ್ನು ಕರೆದು ಸ್ಪೀಕರಿನ ವಾಲ್ಯೂಮ್ ಹೆಚ್ಚು ಕಡಿಮೆ ಮಾಡಿಸಿದೆ. ಜೋರು ಬದಲಾಯಿತು, 'ದಪ್ಪ' ಬದಲಾಗಲಿಲ್ಲ. ಗಟ್ಟಿತನವು ಕಂಪನದ ಪಾರಕ್ಕೆ, ಸ್ಥಾಯಿಯು ಆವೃತ್ತಿಗೆ ಸಂಬಂಧಿಸಿದ್ದು ಎಂಬ ವ್ಯತ್ಯಾಸವನ್ನು ನಾನು ಹಲಗೆಯ ಮೇಲೆ ಬರೆಯುವ ಮೊದಲೇ ತರಗತಿ ಅದನ್ನು ಕೇಳಿ ಆಗಿತ್ತು.

ಮುಂದೆ ಹಾರ್ಮೋನಿಯಂನಲ್ಲಿ ಎರಡೂ ತುಣುಕಿನ ಷಡ್ಜವನ್ನು ಹುಡುಕಿದರು. ಗಾಯಕರು ಸಾಮಾನ್ಯವಾಗಿ 'ಕಪ್ಪು ಒಂದು' ಆಸುಪಾಸಿನಲ್ಲಿ, ಅಂದರೆ ಸುಮಾರು 139 ಹರ್ಟ್ಸ್‌ನಲ್ಲಿ ಷಡ್ಜ ಇಟ್ಟುಕೊಳ್ಳುತ್ತಾರೆ. ಗಾಯಕಿಯರು 'ಬಿಳಿ ಐದು' ಅಥವಾ ಅದಕ್ಕೂ ಮೇಲೆ, ಸುಮಾರು 196 ಹರ್ಟ್ಸ್‌ನಿಂದ ಮುಂದಕ್ಕೆ. 'ಆ' ತುಣುಕಿನ ಷಡ್ಜ ಹಲವು ಮನೆ ಕೆಳಗಿದೆ ಎಂದು ಮಕ್ಕಳೇ ಒತ್ತಿ ನೋಡಿ ಹೇಳಿದರು. ನಂತರ 256 ಹರ್ಟ್ಸ್‌ನ ಕವೆಯನ್ನೂ ಅದಕ್ಕೆ ಹತ್ತಿರದ ಹಾರ್ಮೋನಿಯಂ ಸ್ವರವನ್ನೂ ಒಂದರ ಹಿಂದೊಂದು ಕೇಳಿಸಿದೆ. ಸ್ಥಾಯಿ ಹೆಚ್ಚುಕಡಿಮೆ ಒಂದೇ, ಆದರೂ ಯಾವುದು ಯಾವುದೆಂದು ಕಣ್ಣು ಮುಚ್ಚಿಯೂ ತಿಳಿಯುತ್ತದೆ. ನಾದಗುಣ ಎಂದರೇನೆಂದು ಬೇರೆ ವಿವರಣೆ ಬೇಕಾಗಲಿಲ್ಲ.

ಇದಾದ ಮೇಲಷ್ಟೇ ಹೇಳಿದೆ: ಎರಡೂ ಒಬ್ಬರದೇ ಧ್ವನಿ. ಹಾಡಿದವರು ಹೆಣ್ಣುಮಗಳು, ನಿಮ್ಮ ಜಿಲ್ಲೆಯವರೇ.

ಒಂದು ಪ್ರಶ್ನೆ

"ಅದ್ಹೆಂಗ್ರೀ?" ಎಂದು ನಾಲ್ಕಾರು ಕಡೆಯಿಂದ ಬಂತು. ಧ್ವನಿ ತಂತುಗಳ ಉದ್ದ, ದಪ್ಪ, ಬಿಗಿತ ಬದಲಾದರೆ ಅವು ಕಂಪಿಸುವ ಆವೃತ್ತಿಯೂ ಬದಲಾಗುತ್ತದೆ ಎಂದು ವಿವರಿಸಿದೆ. ಹದಿಹರೆಯದಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೆಳೆದು, ತಂತುಗಳು ಉದ್ದ ಮತ್ತು ದಪ್ಪವಾಗಿ, ಧ್ವನಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ ಎಂದೂ ಹೇಳಿದೆ. ಒಂಬತ್ತನೇ ತರಗತಿಯಲ್ಲಿ ಇದನ್ನು ಹೇಳುವಾಗ ಯಾರ ಮುಖವನ್ನೂ ನೋಡಬಾರದು. ಧ್ವನಿ ಒಡೆಯುತ್ತಿರುವ ಹುಡುಗರು ಪ್ರತಿ ಸಾಲಿನಲ್ಲೂ ಇರುತ್ತಾರೆ.

ಅಂಥ ಒಬ್ಬ ಹುಡುಗ ಹಿಂದಿನ ವಾರದಿಂದ ಗಟ್ಟಿಯಾಗಿ ಓದಲು ಒಪ್ಪುತ್ತಿರಲಿಲ್ಲ. ಎದ್ದು ನಿಲ್ಲುತ್ತಿದ್ದ, ತಲೆ ತಗ್ಗಿಸುತ್ತಿದ್ದ, ಕುಳಿತುಬಿಡುತ್ತಿದ್ದ. ಓದಿದರೆ ಧ್ವನಿ ನಡುವೆ ಕೀರಲಾಗುತ್ತದೆ, ಸುತ್ತಲಿನವರು ನಗುತ್ತಾರೆ. ಅಂದು ಸಂಗ್ರಹಿಸಿದ ಹಾಳೆಗಳಲ್ಲಿ ಅವನ ನಾಲ್ಕನೇ ಕಾಲಂನಲ್ಲಿ ಒಂದೇ ಸಾಲಿತ್ತು: ಮೊದಲಿನ ಧ್ವನಿ ಹೋದ ಮೇಲೆ ಅವರು ಹಾಡೋದು ಯಾಕ ಬಿಡಲಿಲ್ಲ?

ಈ ಪ್ರಶ್ನೆಗೆ ಆವೃತ್ತಿಯ ಪಾಠದಲ್ಲಿ ಉತ್ತರವಿಲ್ಲ. ಮರುದಿನ ಹೆಸರು ಹೇಳದೆ ಅದನ್ನು ಹಲಗೆಯ ಮೇಲೆ ಬರೆದೆ. ನಾನು ಉಪದೇಶಕ್ಕೆ ಹೋಗಲಿಲ್ಲ. ಗೊತ್ತಿದ್ದ ಸಂಗತಿಗಳನ್ನಷ್ಟೇ ಹೇಳಿದೆ: ಆ ಧ್ವನಿಯಲ್ಲೇ ಅವರು ಹಲವು ದಶಕ ಹಾಡಿದರು, 2002ರಲ್ಲಿ ಪದ್ಮವಿಭೂಷಣ ಬಂತು, 2009ರಲ್ಲಿ ತೀರಿಕೊಂಡರು. ಮತ್ತೆ 'ಆ' ತುಣುಕನ್ನು ಹಾಕಿದೆ. ಈ ಸಲ 'ಅನಿಸಿದ್ದು' ಕಾಲಂನಲ್ಲಿ ಒಬ್ಬಳು 'ಹೆದರಿಕಿ ಇಲ್ಲದ ಧ್ವನಿ' ಎಂದು ಬರೆದಳು. ಎಲ್ಲಿ ಹಾಗನಿಸಿತು ಎಂದು ಕೇಳಿದಾಗ, ಧ್ವನಿ ಅಲುಗಾಡದೆ ಒಂದೇ ಸ್ವರದ ಮೇಲೆ ನಿಂತ ಜಾಗವನ್ನು ತೋರಿಸಿದಳು. ಆ ಹುಡುಗ ಅಂದೂ ಪಠ್ಯ ಓದಲಿಲ್ಲ. ವಾರದ ಕೊನೆಗೆ ತನ್ನ ಟಿಪ್ಪಣಿಯ ಎರಡು ಸಾಲನ್ನು, ಕುಳಿತಲ್ಲಿಂದಲೇ ಓದಿದ. ಯಾರೂ ನಗಲಿಲ್ಲ.

ಚರ್ಚೆ

ಪಾಠ ವೀಕ್ಷಿಸಿದ ಉಪನ್ಯಾಸಕರು ಹಿಮ್ಮಾಹಿತಿಯಲ್ಲಿ ಕೇಳಿದ ಪ್ರಶ್ನೆ ಮುಖ್ಯವಾದದ್ದು: ವಿಜ್ಞಾನ ತರಗತಿಯಲ್ಲಿ 'ಅನಿಸಿದ್ದು' ಎಂಬ ಕಾಲಂ ಏಕೆ? ನನ್ನ ಉತ್ತರ ಇದು. ಅನಿಸಿಕೆಗೆ ಪ್ರತ್ಯೇಕ ಜಾಗ ಕೊಡದಿದ್ದರೆ ಅದು ಅವಲೋಕನದ ಕಾಲಂನೊಳಗೆ ನುಸುಳುತ್ತದೆ. 'ಗಂಡಸರು' ನುಸುಳಿದಂತೆ. ಅನಿಸಿಕೆಯನ್ನು ಹೊರಗೆ ಹಾಕುವುದರಿಂದ ಅಲ್ಲ, ಅದರ ಜಾಗದಲ್ಲಿ ಕೂರಿಸುವುದರಿಂದ ಅವಲೋಕನ ಶುದ್ಧವಾಗುತ್ತದೆ. ಜೊತೆಗೆ, ಅನಿಸಿಕೆ ಇಲ್ಲದಿದ್ದರೆ ಮತ್ತೊಮ್ಮೆ ಕೇಳುವ ಆಸೆಯೇ ಹುಟ್ಟುವುದಿಲ್ಲ. ಗದಗಿನ ಬಾಲಕ ಭೀಮಸೇನ ಜೋಶಿ, ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಹಾಡುವ ಹಂಬಲ ಹಚ್ಚಿಕೊಂಡರೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವರು ಗುರುವನ್ನು ಹುಡುಕಿ ಮನೆ ಬಿಟ್ಟದ್ದು ಆ ಆಲಿಕೆಯ ನಂತರ, ಕಲಿಕೆ ಅದಕ್ಕೂ ನಂತರ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು:

– ಸಂಗೀತದಲ್ಲಿ 'ಸ್ಥಾಯಿ' ಎಂದರೆ ಮಂದ್ರ, ಮಧ್ಯ, ತಾರ. ವಿಜ್ಞಾನದಲ್ಲಿ ಅದೇ ಪದ ಶಬ್ದದ ಏರು–ತಗ್ಗನ್ನು ಸೂಚಿಸುತ್ತದೆ. ಸಂಗೀತ ಕಲಿತ ಮಕ್ಕಳಿದ್ದರೆ ಈ ವ್ಯತ್ಯಾಸವನ್ನು ಆರಂಭದಲ್ಲೇ ಸ್ಪಷ್ಟಪಡಿಸಿ.
– ಹಳೆಯ ತಟ್ಟೆಯ ಸ್ಥಾಯಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ತಟ್ಟೆ ಶೇಕಡಾ 5ರಷ್ಟು ವೇಗವಾಗಿ ತಿರುಗಿದರೆ 200 ಹರ್ಟ್ಸ್ 210 ಆಗುತ್ತದೆ. ಇದನ್ನೇ ಒಂದು ಲೆಕ್ಕವಾಗಿ ಕೊಡಬಹುದು. ಆದರೆ ಮೊಬೈಲಿನಲ್ಲಿ ವೇಗ ಹೆಚ್ಚಿಸಿ ತೋರಿಸಲು ಹೋದರೆ ಹಲವು ಆ್ಯಪ್‌ಗಳು ಸ್ಥಾಯಿಯನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ. ಮೊದಲೇ ಪರೀಕ್ಷಿಸಿ.
– ಎರಡು ನಿಮಿಷಕ್ಕಿಂತ ಉದ್ದದ ತುಣುಕು ಬೇಡ. ಒಂದೇ ತುಣುಕನ್ನು ಮೂರು ಸಲ ಕೇಳಿಸುವುದು, ಮೂರು ತುಣುಕುಗಳನ್ನು ಒಂದೊಂದು ಸಲ ಕೇಳಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.
– ಅಂಕ ಕೊಡುವುದಿದ್ದರೆ 'ಕೇಳಿದ್ದು' ಮತ್ತು 'ಪ್ರಶ್ನೆ' ಕಾಲಂಗಳಿಗೆ ಕೊಡಿ. 'ಅನಿಸಿದ್ದು' ಕಾಲಂಗೆ ಅಂಕ ಬೇಡ. ಅಂಕ ಇಟ್ಟ ದಿನವೇ ಮಕ್ಕಳು ನಮಗೆ ಅನಿಸಬೇಕಾದ್ದನ್ನು ಬರೆಯತೊಡಗುತ್ತಾರೆ.

ಮಕ್ಕಳ ಹಾಳೆಗಳನ್ನು ಆ ಗುರುವಾರ ನಮ್ಮ ಕೂಟಕ್ಕೆ ತಂದೆ. ಒಬ್ಬ ವಿದ್ಯಾರ್ಥಿ ಬರೆದಿದ್ದ: '1–12: ಹಾಡು ಎತ್ತಿಕೊಳ್ಳೋ ಮೊದಲ ಉಸಿರು ಎಳಕೊಂಡ ಸಪ್ಪಳ ಕೇಳತೈತಿ.' ಆ ಮುದ್ರಿಕೆಯನ್ನು ನಾವು ಐವರೂ ಅದಾಗಲೇ ಎಷ್ಟೋ ಸಲ ಕೇಳಿದ್ದೆವು. ಯಾರ ನೋಟ್‌ಬುಕ್ಕಿನಲ್ಲೂ ಅದು ಇರಲಿಲ್ಲ. ಮತ್ತೆ ಹಾಕಿ ನೋಡಿದೆವು. ಉಸಿರು ಅಲ್ಲೇ ಇತ್ತು.