ಕಡತವೂ ಒಂದು ಸಾಕ್ಷ್ಯ

ಪ್ರಯೋಗಶಾಲೆಯಲ್ಲಿ ನಾವು ಯಾವ ಮಾತನ್ನೂ ಅಳೆದು ನೋಡದೆ ಒಪ್ಪುವುದಿಲ್ಲ. ಆದರೆ ಅಳತೆಯ ವಿವರಗಳೇ ಸರ್ಕಾರದ ಕಡತದೊಳಗೆ ಅಡಗಿದ್ದರೆ ಏನು ಮಾಡಬೇಕು? ಅವನ್ನು ಹೊರತರಲು ನ್ಯಾಯಬದ್ಧವಾದ ಮಾರ್ಗವೊಂದುಂಟು. ಅಮೆರಿಕದಲ್ಲಿ ನಡೆದ ಒಂದು ಪ್ರಸಂಗದಿಂದ ಅದರ ಬೆಲೆಯನ್ನು ತಿಳಿಯೋಣ.

1961ನೆಯ ಜನವರಿ 24ರಂದು ಉತ್ತರ ಕ್ಯಾರೊಲೈನಾ ಸಂಸ್ಥಾನದ ಗೋಲ್ಡ್ಸ್‌ಬರೊ ಪಟ್ಟಣದ ಬಳಿ ಬಿ-52 ಯುದ್ಧವಿಮಾನವೊಂದು ಆಕಾಶದಲ್ಲಿಯೇ ಒಡೆದುಹೋಯಿತು. ಅದರಲ್ಲಿದ್ದ ಎಂಟು ಮಂದಿಯಲ್ಲಿ ಮೂವರು ಮಡಿದರು. ಎರಡು ಜಲಜನಕ ಬಾಂಬುಗಳು ಕೆಳಗೆ ಬಿದ್ದವು. ಒಂದು ಪ್ಯಾರಾಷೂಟು ಬಿಚ್ಚಿಕೊಂಡು ನಿಧಾನವಾಗಿ ಇಳಿಯಿತು. ಇನ್ನೊಂದು ಕೆಸರು ಹೊಲದಲ್ಲಿ ಆಳವಾಗಿ ಹೂತುಹೋಯಿತು. ಒಂದೊಂದರ ಶಕ್ತಿ ಸುಮಾರು 3.8 ಮೆಗಾಟನ್, ಎಂದರೆ ಹಿರೋಷಿಮಾದ ಬಾಂಬಿನ ಸುಮಾರು 250ರಷ್ಟು. ಪುಣ್ಯವಶಾತ್ ಯಾವುದೂ ಸಿಡಿಯಲಿಲ್ಲ.

ಏಕೆ ಸಿಡಿಯಲಿಲ್ಲ? ವಿದ್ಯುನ್ಮಂಡಲವೊಂದರಲ್ಲಿ ನಾಲ್ಕು ಸ್ವಿಚ್ಚುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿದ್ದೇವೆಂದು ಭಾವಿಸೋಣ. ನಾಲ್ಕೂ ಕೂಡಿಕೊಂಡರೆ ಮಾತ್ರ ವಿದ್ಯುತ್ತು ಹರಿಯುವುದು. ಒಂದು ತೆರೆದಿದ್ದರೂ ದೀಪ ಹತ್ತದು. ಬಾಂಬಿನ ರಕ್ಷಣೆಯ ತತ್ತ್ವವೂ ಇಂತಹುದೇ. ಅಪಾಯವೇನೂ ಇರಲಿಲ್ಲವೆಂದು ಅಧಿಕಾರಿಗಳು ಸಾರಿದರು. ರಾಲ್ಫ್ ಲ್ಯಾಪ್ ಎಂಬ ಭೌತವಿಜ್ಞಾನಿಯಾದರೋ 1962ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ಬಾಂಬು 24 ಮೆಗಾಟನ್ನಿನದೆಂದೂ ಆರು ರಕ್ಷಣಾಸಾಧನಗಳಲ್ಲಿ ಐದು ವಿಫಲವಾದುವೆಂದೂ ಬರೆದರು. ಜನರು ಯಾರನ್ನು ನಂಬಬೇಕು?

ಉತ್ತರವು ಒಂದು ಟಿಪ್ಪಣಿಯಲ್ಲಿತ್ತು. ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಶಸ್ತ್ರಗಳ ಸುರಕ್ಷತೆಯನ್ನು ಪರಿಶೀಲಿಸುತ್ತಿದ್ದ ಪಾರ್ಕರ್ ಜೋನ್ಸ್ 1969ರಲ್ಲಿ ಅದನ್ನು ಬರೆದಿದ್ದರು. ಬಾಂಬು 24 ಮೆಗಾಟನ್ನಿನದಲ್ಲ, ರಕ್ಷಣಾಸಾಧನಗಳು ಆರಲ್ಲ, ನಾಲ್ಕು ಎಂದು ಅವರು ಲ್ಯಾಪರ ಲೆಕ್ಕವನ್ನು ತಿದ್ದಿದ್ದರು. ಆದರೆ ಆ ನಾಲ್ಕರಲ್ಲಿ ಮೂರು ರಕ್ಷಣೆ ನೀಡಲಿಲ್ಲ. ಕಡಿಮೆ ವೋಲ್ಟೇಜಿನ ಒಂದೇ ಒಂದು ಸಾಮಾನ್ಯ ಸ್ವಿಚ್ಚು ದೇಶವನ್ನು ಮಹಾವಿಪತ್ತಿನಿಂದ ಉಳಿಸಿತು ಎಂಬುದೇ ಅವರ ತೀರ್ಮಾನ.

ದೀರ್ಘಕಾಲ ಗುಪ್ತವಾಗಿದ್ದ ಈ ಟಿಪ್ಪಣಿಯನ್ನು ಎರಿಕ್ ಶ್ಲೋಸರ್ ಎಂಬ ಲೇಖಕರು, ಆ ದೇಶದ 1966ರ ಮಾಹಿತಿ ಸ್ವಾತಂತ್ರ್ಯ ಕಾಯಿದೆಯ ಪ್ರಕಾರ ಕೇಳಿ ಪಡೆದರು. 2013ರಲ್ಲಿ ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆ ಅದನ್ನು ಪ್ರಕಟಿಸಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ: ಮೂಲಪತ್ರವು ಸರ್ಕಾರದ ಭರವಸೆಯನ್ನೂ ಟೀಕಾಕಾರರ ಉತ್ಪ್ರೇಕ್ಷೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಪತ್ರವೇ ಕೈಗೆ ಸಿಕ್ಕಿದುದರಿಂದ ಓದುಗರು ತಾವೇ ಪರೀಕ್ಷಿಸಿ ನೋಡಲು ಸಾಧ್ಯವಾಯಿತು.

ಇಂತಹ ಹಕ್ಕು ನಮ್ಮಲ್ಲಿಯೂ ಇದೆ. 2005ನೆಯ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂದ ಮಾಹಿತಿ ಹಕ್ಕು ಕಾಯಿದೆಯಂತೆ ಭಾರತದ ಯಾವ ಪ್ರಜೆಯಾದರೂ ಅರ್ಜಿ ಸಲ್ಲಿಸಬಹುದು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಅರ್ಜಿಯ ಶುಲ್ಕ 10 ರೂಪಾಯಿ. ಏಕೆ ಕೇಳುತ್ತೀರಿ ಎಂಬುದಕ್ಕೆ ಕಾರಣ ಕೊಡಬೇಕಾಗಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೂ, ಅನಂತರ ಮಾಹಿತಿ ಆಯೋಗಕ್ಕೂ ಮೇಲ್ಮನವಿ ಸಲ್ಲಿಸಬಹುದು. ದೇಶದ ಭದ್ರತೆ ಮೊದಲಾದ ಕೆಲವು ವಿಷಯಗಳಿಗೆ ಮಾತ್ರ ವಿನಾಯಿತಿಯುಂಟು.

ಆದರೆ ಪ್ರಶ್ನೆ ಸ್ಪಷ್ಟವಾಗಿರಬೇಕು. 'ನಮ್ಮೂರಿನ ನೀರು ಏಕೆ ಕೆಟ್ಟಿದೆ?' ಎಂದು ಕೇಳಿದರೆ ಪ್ರಯೋಜನ ಕಡಿಮೆ. ಕಡತದಲ್ಲಿಲ್ಲದ ಅಭಿಪ್ರಾಯವನ್ನು ಅಧಿಕಾರಿ ಹೊಸದಾಗಿ ಬರೆದುಕೊಡಬೇಕಾಗಿಲ್ಲ. 'ಇಂತಹ ಕೊಳವೆಬಾವಿಯ ನೀರನ್ನು ಇಂತಹ ವರ್ಷದಲ್ಲಿ ಪರೀಕ್ಷಿಸಿದ ವರದಿಗಳ ನಕಲು ಬೇಕು' ಎಂದರೆ, ವರದಿ ಇದ್ದಲ್ಲಿ ಅದು ದೊರೆಯುವುದು. ಕಾಮಗಾರಿಯಲ್ಲಿ ಬಳಸಿದ ವಸ್ತುಗಳ ಮಾದರಿಯನ್ನು ಕೇಳಿ ಪಡೆಯಲೂ ಈ ಕಾಯಿದೆಯಲ್ಲಿ ಅವಕಾಶವಿದೆ.

ಪಡೆದ ಪತ್ರವನ್ನು ಪೆಟ್ಟಿಗೆಯಲ್ಲಿಡದೆ ಊರವರ ಮುಂದಿಡೋಣ. ಅದರಲ್ಲಿ ಇರುವುದಕ್ಕಿಂತ ಹೆಚ್ಚನ್ನೂ ಹೇಳದಿರೋಣ. ಒಬ್ಬನು ಕಂಡುದನ್ನು ಹತ್ತು ಜನ ಪರೀಕ್ಷಿಸಿ ನೋಡುವಂತಾಗಬೇಕು ಎಂಬುದು ವಿಜ್ಞಾನದ ನಿಯಮ. ಪೌರಜೀವನಕ್ಕೂ ಅದು ಸಲ್ಲುತ್ತದೆ.