ನೆಟ್‌ವರ್ಕ್ ಅನಲೈಸರಿಗೂ ಶೂನ್ಯ ದೋಷ ಉಂಟು: ಕಂಪ್ಯೂಟರ್ ಆಜ್ಞೆಗಳಿಂದ ಕ್ಯಾಲಿಬ್ರೇಶನ್ ಮಾಡುವ ಕ್ರಮ

ಸ್ಕ್ರೂ ಗೇಜಿನಿಂದ ತಂತಿಯ ದಪ್ಪ ಅಳೆಯುವ ಮೊದಲು ಏನು ಮಾಡ್ತೇವೆ? ಎರಡು ದವಡೆಗಳನ್ನು ಮುಚ್ಚಿ, ಅಳತೆ ಸೊನ್ನೆ ತೋರಿಸ್ತದಾ ಅಂತ ನೋಡ್ತೇವೆ. ಸೊನ್ನೆಯ ಬದಲು 0.03 ಮಿ.ಮೀ. ತೋರಿಸಿದರೆ ಅದು ಶೂನ್ಯ ದೋಷ. ಆಮೇಲೆ ತಂತಿಯ ಅಳತೆ 2.48 ಮಿ.ಮೀ. ಬಂದರೆ, ದೋಷವನ್ನು ಕಳೆದು 2.45 ಮಿ.ಮೀ. ಎಂದು ಬರೆಯುತ್ತೇವೆ. ಉಪಕರಣವನ್ನು ಗೊತ್ತಿರುವ ಬೆಲೆಯ ಜೊತೆ ಹೋಲಿಸಿ, ಅದರ ತಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಈ ಕೆಲಸವೇ ಕ್ಯಾಲಿಬ್ರೇಶನ್.

ರೇಡಿಯೋ ಅಲೆಗಳನ್ನು ಅಳೆಯುವ ನೆಟ್‌ವರ್ಕ್ ಅನಲೈಸರ್ ಎಂಬ ಉಪಕರಣಕ್ಕೂ ಇದೇ ಕೆಲಸ ಬೇಕು. ಆದರೆ ಅಲ್ಲಿ ದೋಷ ಒಂದಲ್ಲ, ಮೂರು. ಅದೂ ಪ್ರತಿಯೊಂದು ಆವೃತ್ತಿಗೆ ಬೇರೆ ಬೇರೆ. ಹಾಗಾಗಿ ಈ ಕೆಲಸವನ್ನು ಕಂಪ್ಯೂಟರಿನಿಂದ ಆಜ್ಞೆ ಕಳಿಸಿ ಮಾಡಿಸುವುದು ರೂಢಿ. ಅದು ಹೇಗೆ ಅಂತ ಈ ಪಾಠದಲ್ಲಿ ನೋಡೋಣ. ಗಣಿತ ಹೈಸ್ಕೂಲಿನದ್ದೇ ಸಾಕು.

ಈ ಯಂತ್ರ ಅಳೆಯುವುದೇನು?

ಒಂದು ಉದ್ದ ಹಗ್ಗದ ತುದಿಯನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ಮೇಲಕ್ಕೆ ಜಾಡಿಸಿ. ಉಬ್ಬು ಓಡಿಹೋಗಿ ಕಂಬಕ್ಕೆ ಬಡಿದು ತಲೆಕೆಳಗಾಗಿ ವಾಪಸು ಬರುತ್ತದೆ. ತುದಿ ಸಡಿಲವಾಗಿದ್ದರೆ ಉಬ್ಬು ತಲೆಕೆಳಗಾಗದೆ, ಹೋದ ಹಾಗೆಯೇ ವಾಪಸು ಬರುತ್ತದೆ.

ಕೇಬಲಿನಲ್ಲಿ ಹೋಗುವ ವಿದ್ಯುತ್ ಅಲೆಗೂ ಇದೇ ಗತಿ. ನೆಟ್‌ವರ್ಕ್ ಅನಲೈಸರ್ ತನ್ನ ಬಾಯಿಯಿಂದ ಅಲೆ ಕಳಿಸಿ, ಎಷ್ಟು ಪಾಲು ವಾಪಸು ಬಂತು, ಯಾವ ಹಂತದಲ್ಲಿ (ಫೇಸ್) ಬಂತು ಎಂದು ನೋಡುತ್ತದೆ. ವಾಪಸು ಬಂದ ಅಲೆಯನ್ನು ಹೋದ ಅಲೆಯಿಂದ ಭಾಗಿಸಿದರೆ ಸಿಗುವುದು ಪ್ರತಿಫಲನ ಗುಣಾಂಕ. ಅದನ್ನು ‘ಪ’ ಎಂದು ಕರೆಯೋಣ. ತುದಿಗೆ ಜೋಡಿಸಿದ ವಸ್ತುವಿನ ಇಂಪಿಡೆನ್ಸ್ ‘ಇ’ ಓಮ್ ಆಗಿದ್ದು, ಯಂತ್ರ 50 ಓಮ್‌ನದ್ದಾಗಿದ್ದರೆ:

ಪ = (ಇ − 50) ÷ (ಇ + 50)

ಮೂರು ವಿಶೇಷ ಸಂದರ್ಭಗಳನ್ನು ನೆನಪಿಡಿ:

- ಓಪನ್: ತುದಿ ತೆರೆದಿದೆ. ಇ ಅನಂತ. ಪ = +1
- ಶಾರ್ಟ್: ತುದಿಯನ್ನು ಲೋಹದಿಂದ ಮುಚ್ಚಿದೆ. ಇ = 0. ಪ = −1
- ಲೋಡ್: ಸರಿಯಾಗಿ 50 ಓಮ್ ರೋಧಕ. ಪ = 0, ಅಂದರೆ ಏನೂ ವಾಪಸು ಬರುವುದಿಲ್ಲ

ಈ ಮೂರನ್ನು ಮಾನಕಗಳು ಅನ್ನುತ್ತಾರೆ. ತಕ್ಕಡಿಗೆ ತೂಕದ ಕಲ್ಲು ಹೇಗೋ ಇವು ಹಾಗೆ.

ದೋಷ ಎಲ್ಲಿಂದ ಬರುತ್ತದೆ?

ಮೊದಲ ದೋಷ ಸೋರಿಕೆ. ಕಳಿಸಿದ ಅಲೆಯ ಸ್ವಲ್ಪ ಭಾಗ ವಸ್ತುವನ್ನು ಮುಟ್ಟದೆ, ಯಂತ್ರದ ಒಳಗೇ ಅಳೆಯುವ ಕಡೆಗೆ ನುಸುಳುತ್ತದೆ. ಎರಡನೆಯದು ಮರುಪ್ರತಿಫಲನ. ವಾಪಸು ಬಂದ ಅಲೆ ಯಂತ್ರದ ಬಾಯಿಗೆ ಬಡಿದು ಮತ್ತೆ ವಸ್ತುವಿನ ಕಡೆಗೆ ಹೋಗುತ್ತದೆ. ಮೂರನೆಯದು ಕುಗ್ಗುವಿಕೆ. ಕೇಬಲಿನಲ್ಲಿ ಹೋಗಿ ಬರುವಾಗ ಅಲೆ ಸೊರಗುತ್ತದೆ, ತಡವಾಗಿಯೂ ಬರುತ್ತದೆ.

ತಡವಾದರೆ ಏನು ಮಹಾ ಅಂತ ಅನ್ನಿಸಬಹುದು. ಒಂದು ನಿಜವಾದ ಆವೃತ್ತಿ ತೆಗೆದುಕೊಂಡು ನೋಡೋಣ. ನೀಲಗಿರಿಯಲ್ಲಿ ಊಟಿಯ ಹತ್ತಿರ ಮುತ್ತೊರೈಯಲ್ಲಿ 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೋ ದೂರದರ್ಶಕ ಉಂಟು. ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಕಟ್ಟಿದ ಇದು 1970ರಲ್ಲಿ ಕೆಲಸ ಶುರುಮಾಡಿತು. ಅದರ ಆವೃತ್ತಿ 326.5 ಮೆಗಾಹರ್ಟ್ಸ್. ಗಾಳಿಯಲ್ಲಿ ಆ ಅಲೆಯ ತರಂಗದೂರ ಸುಮಾರು 92 ಸೆ.ಮೀ. ಪಾಲಿಥಿನ್ ತುಂಬಿದ ಸಾಮಾನ್ಯ ಕೇಬಲಿನಲ್ಲಿ ಅಲೆಯ ವೇಗ ಬೆಳಕಿನ ವೇಗದ 0.66 ಪಾಲು. ಹಾಗಾಗಿ ಕೇಬಲಿನ ಒಳಗೆ ತರಂಗದೂರ ಸುಮಾರು 60 ಸೆ.ಮೀ. ಅದರ ಕಾಲು ಭಾಗ 15 ಸೆ.ಮೀ.

ಈಗ 15 ಸೆ.ಮೀ. ಕೇಬಲಿನ ತುದಿಯನ್ನು ತೆರೆದಿಡಿ. ಅಲೆ 15 ಸೆ.ಮೀ. ಹೋಗಿ 15 ಸೆ.ಮೀ. ವಾಪಸು ಬಂತು, ಒಟ್ಟು 30 ಸೆ.ಮೀ., ಅಂದರೆ ಅರ್ಧ ತರಂಗದೂರ. ಅರ್ಧ ತರಂಗದೂರಕ್ಕೆ ಅಲೆ ತಲೆಕೆಳಗು. ಯಂತ್ರಕ್ಕೆ +1 ಬರಬೇಕಾದ ಕಡೆ −1 ಕಾಣಿಸುತ್ತದೆ! ತೆರೆದ ತುದಿಯನ್ನು ಅದು ‘ಶಾರ್ಟ್’ ಅನ್ನುತ್ತದೆ. ಗೇಣುದ್ದದ ಕೇಬಲ್ ಉತ್ತರವನ್ನೇ ತಿರುಗಿಸಿಬಿಟ್ಟಿತು. ಅದಕ್ಕೇ ಮಾನಕಗಳನ್ನು ಯಂತ್ರದ ಬಾಯಿಗಲ್ಲ, ವಸ್ತುವನ್ನು ಜೋಡಿಸುವ ಕೇಬಲಿನ ತುದಿಗೇ ಹಾಕಬೇಕು. ಕ್ಯಾಲಿಬ್ರೇಶನ್ ಆದ ಮೇಲೆ ಕೇಬಲ್ ಬದಲಿಸಬಾರದು.

ಮೂರು ಅಜ್ಞಾತಗಳು, ಮೂರು ಸಮೀಕರಣಗಳು

ಸೋರಿಕೆ ‘ಸ’, ಮರುಪ್ರತಿಫಲನ ‘ಬ’, ಕುಗ್ಗುವಿಕೆ ‘ಕ’ ಆಗಿರಲಿ. ಯಂತ್ರ ತೋರಿಸುವ ಕಚ್ಚಾ ಅಳತೆ ‘ಮ’. ಆಗ:

ಮ = ಸ + (ಕ × ಪ) ÷ (1 − ಬ × ಪ)

ಒಂದು ಆವೃತ್ತಿಯಲ್ಲಿ ಯಂತ್ರ ಹೀಗೆ ತೋರಿಸಿತು ಎಂದು ಇಟ್ಟುಕೊಳ್ಳೋಣ: ಲೋಡ್ 0.05, ಓಪನ್ 0.95, ಶಾರ್ಟ್ −0.55.

ಲೋಡಿಗೆ ಪ = 0. ಆದ್ದರಿಂದ ಸ = 0.05. ಇದು ಸ್ಕ್ರೂ ಗೇಜಿನ ಶೂನ್ಯ ದೋಷದ ಹಾಗೆಯೇ.

ಓಪನ್ನಿಗೆ ಪ = +1. ಸೋರಿಕೆ ಕಳೆದರೆ: ಕ ÷ (1 − ಬ) = 0.90
ಶಾರ್ಟಿಗೆ ಪ = −1. ಸೋರಿಕೆ ಕಳೆದರೆ −0.60, ಅಂದರೆ: ಕ ÷ (1 + ಬ) = 0.60

ಎರಡೂ ಸಮೀಕರಣಗಳಿಂದ ಕ = 0.90 (1 − ಬ) = 0.60 (1 + ಬ). ಬಿಡಿಸಿದರೆ 0.30 = 1.50 ಬ. ಆದ್ದರಿಂದ ಬ = 0.2, ಕ = 0.72. ಮೂರೂ ದೋಷಗಳು ಸಿಕ್ಕಿದವು.

ಈಗ ಗೊತ್ತಿಲ್ಲದ ಒಂದು ರೋಧಕ ಜೋಡಿಸಿದಾಗ ಯಂತ್ರ 0.45 ತೋರಿಸಿತು. ದೋಷ ತೆಗೆಯದೆ ಲೆಕ್ಕ ಹಾಕಿದರೆ:

ಇ = 50 × (1 + 0.45) ÷ (1 − 0.45) = ಸುಮಾರು 132 ಓಮ್

ದೋಷ ತೆಗೆದು ಲೆಕ್ಕ ಹಾಕಿದರೆ:

ಮ − ಸ = 0.40
ಪ = 0.40 ÷ (ಕ + ಬ × 0.40) = 0.40 ÷ (0.72 + 0.08) = 0.5
ಇ = 50 × 1.5 ÷ 0.5 = 150 ಓಮ್

ರೋಧಕ ನಿಜಕ್ಕೂ 150 ಓಮ್‌ನದ್ದು. ಕಚ್ಚಾ ಅಳತೆಯನ್ನು ನಂಬಿದ್ದರೆ 18 ಓಮ್ ತಪ್ಪಾಗುತ್ತಿತ್ತು.

ನಾವಿಲ್ಲಿ ಸುಲಭಕ್ಕಾಗಿ ಬರೀ ಒಂದೊಂದು ಸಂಖ್ಯೆ ಬಳಸಿದೆವು. ನಿಜವಾದ ಯಂತ್ರದಲ್ಲಿ ಪ್ರತಿ ಅಳತೆಗೂ ಎರಡು ಸಂಖ್ಯೆಗಳ ಜೋಡಿ ಇರುತ್ತದೆ, ಹಂತವನ್ನೂ ಹೇಳಬೇಕಲ್ಲ. ಸಾಮಾನ್ಯವಾಗಿ 101 ಆವೃತ್ತಿಗಳಲ್ಲಿ ಅಳೆದರೆ, ಮೂರು ಮಾನಕಗಳಿಗೆ 303 ಜೋಡಿಗಳು. ಕೈಯಲ್ಲಿ ಮಾಡುವ ಲೆಕ್ಕ ಇದಲ್ಲ.

ಆಜ್ಞೆ ಕಳಿಸುವುದು ಯಾಕೆ?

ಯಂತ್ರದ ಗುಂಡಿ ಒತ್ತಿಯೂ ಕ್ಯಾಲಿಬ್ರೇಶನ್ ಮಾಡಬಹುದು. ಆದರೆ ದಿನಕ್ಕೆ ಹತ್ತು ಸಲ, ಬೇರೆ ಬೇರೆ ಆವೃತ್ತಿಗಳಲ್ಲಿ ಮಾಡುವಾಗ ಯಾವುದೋ ಒಂದು ಹಂತ ಬಿಟ್ಟುಹೋಗ್ತದೆ. ಆಜ್ಞೆಗಳನ್ನು ಒಮ್ಮೆ ಬರೆದಿಟ್ಟರೆ ಕ್ರಮ ಯಾವತ್ತೂ ಒಂದೇ. ಏನು ಮಾಡಿದೆವು ಎಂಬ ದಾಖಲೆಯೂ ಉಳಿಯುತ್ತದೆ. ಒಂದು ಮಾತು ಮಾತ್ರ ಮರೆಯಬೇಡಿ. ‘ಓಪನ್ ಅಳೆ’ ಎಂದು ಆಜ್ಞೆ ಕೊಟ್ಟರೆ ಯಂತ್ರ ಅಳೆಯುತ್ತದೆ ಅಷ್ಟೆ. ತುದಿಗೆ ನಿಜಕ್ಕೂ ಓಪನ್ ಹಾಕಿದ್ದೇವೋ, ಮರೆತು ಶಾರ್ಟನ್ನೇ ಬಿಟ್ಟಿದ್ದೇವೋ ಅದಕ್ಕೆ ತಿಳಿಯುವುದಿಲ್ಲ.

ನ್ಯಾನೋವಿಎನ್‌ಎಯಲ್ಲಿ ಹಂತ ಹಂತವಾಗಿ

ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ನೆಟ್‌ವರ್ಕ್ ಅನಲೈಸರ್ ನ್ಯಾನೋವಿಎನ್‌ಎ. ಮೊದಲ ಮಾದರಿಗಳು 50 ಕಿಲೋಹರ್ಟ್ಸ್‌ನಿಂದ 900 ಮೆಗಾಹರ್ಟ್ಸ್‌ವರೆಗೆ ಅಳೆಯುತ್ತವೆ. ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಸೇರಿಸಿದರೆ ಸೀರಿಯಲ್ ಪೋರ್ಟ್ ಆಗಿ ಕಾಣಿಸುತ್ತದೆ. ಯಾವುದಾದರೂ ಟರ್ಮಿನಲ್ ತಂತ್ರಾಂಶ ತೆರೆದು ಆಜ್ಞೆ ಟೈಪ್ ಮಾಡಬಹುದು. ಇಲ್ಲಿ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಮಾಡಬೇಕು. ‘ಹೆಲ್ಪ್’ ಎಂದು ಕೇಳಿದರೆ ನಿಮ್ಮ ಯಂತ್ರಕ್ಕೆ ತಿಳಿದಿರುವ ಆಜ್ಞೆಗಳ ಪಟ್ಟಿಯನ್ನು ಅದೇ ಕೊಡುತ್ತದೆ.

1. ‘ಸ್ವೀಪ್ 1000000 10000000 101’. 1ರಿಂದ 10 ಮೆಗಾಹರ್ಟ್ಸ್‌ವರೆಗೆ 101 ಬಿಂದುಗಳಲ್ಲಿ ಅಳೆ ಎಂದರ್ಥ. 101 ಬಿಂದುಗಳ ನಡುವೆ 100 ಅಂತರ, ಆದ್ದರಿಂದ ಒಂದೊಂದು ಅಂತರ 90 ಕಿಲೋಹರ್ಟ್ಸ್. ಈ ಕೆಲಸ ಮೊದಲೇ ಆಗಬೇಕು. ಕ್ಯಾಲಿಬ್ರೇಶನ್ ಆದ ಮೇಲೆ ಆವೃತ್ತಿ ಬದಲಿಸಿದರೆ ಹಳೆಯ ದೋಷದ ಲೆಕ್ಕ ಹೊಸ ಆವೃತ್ತಿಗೆ ಸರಿಯಾಗಿ ಹೊಂದುವುದಿಲ್ಲ.
2. ‘ಕ್ಯಾಲ್ ರೀಸೆಟ್’. ಹಳೆಯ ಲೆಕ್ಕ ಅಳಿಸು.
3. ಕೇಬಲಿನ ತುದಿಗೆ ಓಪನ್ ಹಾಕಿ, ತುಸು ಕಾದು, ‘ಕ್ಯಾಲ್ ಓಪನ್’.
4. ಶಾರ್ಟ್ ಹಾಕಿ, ಕಾದು, ‘ಕ್ಯಾಲ್ ಶಾರ್ಟ್’.
5. ಲೋಡ್ ಹಾಕಿ, ಕಾದು, ‘ಕ್ಯಾಲ್ ಲೋಡ್’.
6. ‘ಕ್ಯಾಲ್ ಡನ್’. ಮೂರು ಸಮೀಕರಣಗಳನ್ನು ಯಂತ್ರ ಬಿಡಿಸುವುದು ಈ ಹಂತದಲ್ಲಿ.
7. ‘ಸೇವ್ 0’. ಇಲ್ಲಿ ಉಳಿಸಿದ್ದು ಮುಂದಿನ ಸಲ ಯಂತ್ರ ಶುರುವಾದಾಗ ತಾನಾಗಿ ಬರುತ್ತದೆ.

ಕಾಯುವುದು ಯಾಕೆ? ಯಂತ್ರ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಸಾಲಾಗಿ ಹೋಗುತ್ತಾ ಇರುತ್ತದೆ. ನೀವು ಮಾನಕ ಬದಲಿಸಿದ ಕೂಡಲೇ ಆಜ್ಞೆ ಕೊಟ್ಟರೆ, ಅರ್ಧ ಬಿಂದುಗಳು ಹಳೆಯ ಮಾನಕದ್ದು, ಅರ್ಧ ಹೊಸತರದ್ದು ಆಗಿಬಿಡಬಹುದು. ಕನಿಷ್ಠ ಎರಡು ಪೂರ್ತಿ ಸುತ್ತು ಮುಗಿಯಲಿ.

ಮಾನಕ ತಿರುಗಿಸುವಾಗ ಹೊರಗಿನ ನಟ್ಟನ್ನು ಮಾತ್ರ ತಿರುಗಿಸಿ. ಇಡೀ ಮೈಯನ್ನು ತಿರುಗಿಸಿದರೆ ನಡುವಿನ ಪಿನ್ನು ಸವೆಯುತ್ತದೆ. ಪ್ರಸಾರ ಮಾಡುತ್ತಿರುವ ಟ್ರಾನ್ಸ್‌ಮಿಟರಿಗೆ ಈ ಯಂತ್ರವನ್ನು ಎಂದೂ ಸೇರಿಸಬಾರದು.

ದೊಡ್ಡ ಯಂತ್ರಗಳ ಭಾಷೆ

ಪ್ರಯೋಗಾಲಯದ ದೊಡ್ಡ ಅನಲೈಸರುಗಳೂ ಇದೇ ರೀತಿ ಮಾತು ಕೇಳುತ್ತವೆ. ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ತನ್ನ ಉಪಕರಣಗಳನ್ನು ಕಂಪ್ಯೂಟರಿಗೆ ಜೋಡಿಸಲು ಮಾಡಿದ ವ್ಯವಸ್ಥೆ 1975ರಲ್ಲಿ ಐಇಇಇ 488 ಎಂಬ ಮಾನಕವಾಯಿತು. ತಂತಿ ಒಂದೇ ಆದರೂ ಒಂದೊಂದು ಕಂಪನಿಯ ಆಜ್ಞೆ ಒಂದೊಂದು ಥರ ಇತ್ತು. ಆ ತೊಂದರೆ ನೀಗಲು 1990ರಲ್ಲಿ ‘ಸ್ಕಿಪಿ’ ಎಂಬ ಸಾಮಾನ್ಯ ಆಜ್ಞಾಭಾಷೆ ಬಂತು.

ಅದರಲ್ಲಿ ಮೂರು ಪ್ರಶ್ನೆಗಳನ್ನು ತಿಳಿದಿರಿ. ‘*ಐಡಿಎನ್?’ ಎಂದರೆ ‘ನೀನು ಯಾರು?’ ಯಂತ್ರ ತನ್ನ ಕಂಪನಿ, ಮಾದರಿ, ಕ್ರಮಸಂಖ್ಯೆ, ಫರ್ಮ್‌ವೇರ್ ಹೇಳುತ್ತದೆ. ‘*ಒಪಿಸಿ?’ ಎಂದರೆ ‘ಹೇಳಿದ ಕೆಲಸ ಮುಗಿಯಿತಾ?’ ಮುಗಿದ ಮೇಲೆ ಮಾತ್ರ ‘1’ ಎಂದು ಉತ್ತರ ಬರುತ್ತದೆ. ‘ಸಿಸ್ಟ್:ಎರ್?’ ಎಂದರೆ ‘ಏನಾದರೂ ತಪ್ಪಾಯಿತಾ?’ ಪ್ರತಿ ಮಾನಕ ಅಳೆದ ಮೇಲೆ ಎರಡನೆಯ ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆಯೇ ಮುಂದಿನ ಮಾನಕಕ್ಕೆ ಹೋಗುವುದು ಒಳ್ಳೆಯ ಪ್ರೋಗ್ರಾಮಿನ ಲಕ್ಷಣ. ಅಂದಾಜಿಗೆ ಕಾಯುವುದಕ್ಕಿಂತ ಕೇಳಿ ತಿಳಿಯುವುದು ಮೇಲು.

ಸರಿಯಾಯಿತೆಂದು ನಂಬುವುದು ಹೇಗೆ?

‘ಡೇಟಾ 0’ ಎಂದು ಕೇಳಿದರೆ ಪ್ರತಿ ಆವೃತ್ತಿಗೆ ಒಂದು ಸಾಲಿನಂತೆ 101 ಸಾಲು, ಸಾಲಿಗೆ ಎರಡು ಸಂಖ್ಯೆ ಬರುತ್ತವೆ. ಲೋಡ್ ಹಾಕಿದ್ದರೆ ಎರಡೂ ಸೊನ್ನೆಯ ಹತ್ತಿರ ಇರಬೇಕು. ಶಾರ್ಟ್ ಹಾಕಿದ್ದರೆ ಮೊದಲನೆಯದು −1ರ ಹತ್ತಿರ, ಎರಡನೆಯದು ಸೊನ್ನೆಯ ಹತ್ತಿರ.

ಆದರೆ ಇಷ್ಟೇ ಸಾಲದು. ಯಾವ ಮಾನಕದಿಂದ ಕಲಿಸಿದೆವೋ ಅದನ್ನೇ ತೋರಿಸಿ ಪರೀಕ್ಷೆ ಮಾಡಿದರೆ ಯಂತ್ರ ಪಾಸಾಗದೆ ಇರ್ತದಾ? 50 ಓಮ್ ಲೋಡ್ ಎಂದುಕೊಂಡು ಕೇಬಲ್ ಟಿವಿಯಲ್ಲಿ ಬಳಸುವ 75 ಓಮ್ ಲೋಡನ್ನು ಹಾಕಿದೆವು ಅನ್ನಿ. ಯಂತ್ರ ಯಾವ ತಕರಾರೂ ಮಾಡುವುದಿಲ್ಲ. ಮತ್ತೆ ಅದೇ ಲೋಡ್ ತೋರಿಸಿದರೆ ‘ಸರಿಯಾಗಿ 50’ ಅನ್ನುತ್ತದೆ. ಆಮೇಲೆ ಎಲ್ಲ ಅಳತೆಯೂ ನಿಜದ ಮೂರರಲ್ಲಿ ಎರಡು ಪಾಲು ಮಾತ್ರ: 150 ಓಮ್ ರೋಧಕ 100 ಎಂದು ಕಾಣುತ್ತದೆ. ಎಲ್ಲ ಅಳತೆಗಳೂ ಒಂದಕ್ಕೊಂದು ಹೊಂದುತ್ತವೆ, ಎಲ್ಲವೂ ತಪ್ಪು.

ಅದಕ್ಕಾಗಿ ಕ್ಯಾಲಿಬ್ರೇಶನ್ನಿನಲ್ಲಿ ಬಳಸದ, ಬೆಲೆ ಗೊತ್ತಿರುವ ನಾಲ್ಕನೆಯ ವಸ್ತುವಿನಿಂದ ಪರೀಕ್ಷಿಸಬೇಕು. 150 ಓಮ್ ರೋಧಕವನ್ನು ಮಲ್ಟಿಮೀಟರಿನಲ್ಲಿ ಅಳೆದು, ಕಾಲುಗಳನ್ನು ಆದಷ್ಟು ಗಿಡ್ಡ ಕತ್ತರಿಸಿ, ಕನೆಕ್ಟರಿಗೆ ಬೆಸುಗೆ ಹಾಕಿ ಇಟ್ಟುಕೊಳ್ಳಿ. 1–10 ಮೆಗಾಹರ್ಟ್ಸ್‌ನಲ್ಲಿ ಅದು ಪ = 0.5ರ ಹತ್ತಿರ ತೋರಿಸಬೇಕು. ತೋರಿಸದಿದ್ದರೆ ಕ್ಯಾಲಿಬ್ರೇಶನ್ ಮೊದಲಿನಿಂದ ಮಾಡಿ. ಇದನ್ನು ಮಾಡದೆ ಆಂಟೆನಾ ಅಳೆದು ಕತ್ತರಿಸಿದರೆ, ಕತ್ತರಿಸಿದ ತಂತಿ ಮತ್ತೆ ಉದ್ದವಾಗುವುದಿಲ್ಲ.

ಅಭ್ಯಾಸ

1. 25 ಓಮ್ ರೋಧಕದ ಪ್ರತಿಫಲನ ಗುಣಾಂಕ ಎಷ್ಟು?
2. ಮೇಲಿನ ಉದಾಹರಣೆಯ ಯಂತ್ರದಲ್ಲಿ (ಸ = 0.05, ಬ = 0.2, ಕ = 0.72) ಕಚ್ಚಾ ಅಳತೆ −0.05 ಬಂದರೆ, ರೋಧಕದ ನಿಜವಾದ ಬೆಲೆ ಎಷ್ಟು?
3. 75 ಓಮ್ ಲೋಡಿನಿಂದ ತಪ್ಪಾಗಿ ಕ್ಯಾಲಿಬ್ರೇಟ್ ಮಾಡಿದ ಯಂತ್ರಕ್ಕೆ 300 ಓಮ್ ರೋಧಕ ಎಷ್ಟಾಗಿ ಕಾಣುತ್ತದೆ?
4. 100 ಮೆಗಾಹರ್ಟ್ಸ್‌ನಲ್ಲಿ, ಇದೇ ಪಾಲಿಥಿನ್ ಕೇಬಲಿನ ಎಷ್ಟು ಉದ್ದದ ತುಂಡು ‘ಓಪನ್’ ಅನ್ನು ‘ಶಾರ್ಟ್’ ಮಾಡಿ ತೋರಿಸುತ್ತದೆ?

ಉತ್ತರಗಳು: 1) −1/3. 2) ಪ = −1/7, ಬೆಲೆ 37.5 ಓಮ್. 3) 200 ಓಮ್. 4) ಸುಮಾರು 50 ಸೆ.ಮೀ.